ಕೋಡ್ ಅದೇ, ಕಂಪೈಲರ್ ಹೊಸದು: ಈಗ ಎರರ್ ಯಾಕೆ?

ಪ್ರಶ್ನೆ: ಕಾಲೇಜಿನ ಲ್ಯಾಬ್‌ನಲ್ಲಿ ಚೆನ್ನಾಗಿ ಓಡುತ್ತಿದ್ದ ಸಿ ಪ್ರೋಗ್ರಾಮ್ ಮನೆಯ ಹೊಸ ಲ್ಯಾಪ್‌ಟಾಪ್‌ನಲ್ಲಿ ಕಂಪೈಲೇ ಆಗುತ್ತಿಲ್ಲ. ಎರಡೂ ಕಡೆ ಲಿನಕ್ಸ್, ಎರಡೂ ಕಡೆ ಜಿಸಿಸಿ ಕಂಪೈಲರ್. ಕೋಡ್‌ನಲ್ಲಿ ಒಂದಕ್ಷರ ಮುಟ್ಟಿಲ್ಲ. ಅಲ್ಲಿ ಬರೀ ವಾರ್ನಿಂಗ್ ಬರುತ್ತಿತ್ತು, ಇಲ್ಲಿ ಅದೇ ಸಾಲಿಗೆ ಎರರ್. ಹಳೇ ಜಿಸಿಸಿಯನ್ನೇ ಹಾಕಿಕೊಳ್ಳಲಾ?

ಉತ್ತರ: ಬೇಡ. ಮೊದಲು ಆ ವಾರ್ನಿಂಗ್ ಏನು ಹೇಳುತ್ತಿತ್ತು ಅಂತ ಓದಿ. ಲ್ಯಾಬ್‌ನಲ್ಲಿ ಅದನ್ನು ಯಾರೂ ಓದುವುದಿಲ್ಲ, ಔಟ್‌ಪುಟ್ ಬಂದರೆ ಸಾಕು, ಅಲ್ವಾ? ನಿಮ್ಮ ಉತ್ತರದ ಅರ್ಧ ಭಾಗ ಅಲ್ಲೇ ಇದೆ.

ಎರಡೂ ಮಷೀನ್‌ನಲ್ಲಿ ಜಿಸಿಸಿಗೆ ಅದರ ವರ್ಷನ್ ಕೇಳಿ ನೋಡಿ. ಲ್ಯಾಬ್‌ನಲ್ಲಿ 13 ಅಥವಾ ಅದಕ್ಕಿಂತ ಹಳೆಯದು, ನಿಮ್ಮಲ್ಲಿ 14 ಅಥವಾ ಅದಕ್ಕಿಂತ ಹೊಸದು ಇರಬೇಕು. ಜಿಸಿಸಿ 14 ಬಂದಿದ್ದು 2024ರ ಮೇ ತಿಂಗಳಲ್ಲಿ, 15 ಬಂದಿದ್ದು 2025ರ ಏಪ್ರಿಲ್‌ನಲ್ಲಿ. ಇವೆರಡೂ ಬೇರೆ ಬೇರೆ ಕಡೆ ಬಿಗಿ ಮಾಡಿವೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ತಪ್ಪು ಮದ್ದು ಕೊಟ್ಟಂತಾಗುತ್ತದೆ.

ಮೊದಲು 14ರ ವಿಷಯ. ವಾರ್ನಿಂಗ್ ಎರರ್ ಆಗಿದೆ ಅಂದಿರಲ್ಲ, ನಿಮ್ಮದು ಬಹುಶಃ ಇದೇ. ಒಂದು ಫಂಕ್ಷನ್ನನ್ನು ಡಿಕ್ಲೇರ್ ಮಾಡದೆ ಕರೆದರೆ ಹಳೇ ಸಿ ಏನು ಮಾಡುತ್ತಿತ್ತು ಗೊತ್ತಾ? ಅದು ಇಂಟ್ ಕೊಡುವ ಫಂಕ್ಷನ್ ಇರಬೇಕು ಅಂತ ತಾನೇ ಊಹಿಸಿಕೊಂಡು ಮುಂದೆ ಹೋಗುತ್ತಿತ್ತು. ಸಿ ಭಾಷೆಯ 1989ರ ಸ್ಟ್ಯಾಂಡರ್ಡ್‌ನಲ್ಲಿ, ಅಂದರೆ ಅಧಿಕೃತ ನಿಯಮಾವಳಿಯಲ್ಲಿ, ಇದಕ್ಕೆ ಅವಕಾಶ ಇತ್ತು. 1999ರ ಸ್ಟ್ಯಾಂಡರ್ಡ್ ಅದನ್ನು ತೆಗೆದುಹಾಕಿತು. ಆದರೂ ಹಳೇ ಕೋಡ್ ಮುರಿಯಬಾರದು ಅಂತ ಜಿಸಿಸಿ ಬರೀ ವಾರ್ನಿಂಗ್ ಕೊಟ್ಟು ಬಿಡುತ್ತಾ ಬಂತು. ಹೀಗೇ ಸುಮಾರು 25 ವರ್ಷ ನಡೆಯಿತು. 14ರಲ್ಲಿ ಆ ಸಲುಗೆ ಮುಗಿಯಿತು.

ಈ ಊಹೆಯಿಂದ ಏನು ನಷ್ಟ ಅಂತ ಒಂದು ಉದಾಹರಣೆಯಲ್ಲಿ ನೋಡೋಣ. ಲಿಂಕ್ಡ್ ಲಿಸ್ಟ್ ಪ್ರೋಗ್ರಾಮ್ ಎರಡು ಫೈಲ್‌ನಲ್ಲಿದೆ ಅಂದುಕೊಳ್ಳಿ. ಒಂದರಲ್ಲಿ ಗೆಟ್‌ನೋಡ್ ಎಂಬ ಫಂಕ್ಷನ್ ಇದೆ, ಅದು ನೋಡ್‌ನ ಪಾಯಿಂಟರ್ ಕೊಡುತ್ತದೆ. ಇನ್ನೊಂದರಲ್ಲಿ ಮೇನ್ ಇದೆ, ಅಲ್ಲಿಂದ ಗೆಟ್‌ನೋಡ್‌ಗೆ ಕರೆ ಹೋಗುತ್ತದೆ. ಮೇನ್ ಇರುವ ಫೈಲ್‌ನಲ್ಲಿ ಗೆಟ್‌ನೋಡ್‌ನ ಡಿಕ್ಲರೇಶನ್ ಇಲ್ಲ. ಹಾಗಾಗಿ ಕಂಪೈಲರ್ ಅದು ಇಂಟ್ ಕೊಡುತ್ತದೆ ಅಂತ ನಂಬುತ್ತದೆ. 32 ಬಿಟ್ ಮಷೀನ್‌ನಲ್ಲಿ ಇಂಟ್ 4 ಬೈಟ್, ಪಾಯಿಂಟರ್ ಕೂಡ 4 ಬೈಟ್. ಏನೂ ತೊಂದರೆ ಆಗದೆ ನಡೆದುಹೋಗುತ್ತಿತ್ತು. 64 ಬಿಟ್ ಲಿನಕ್ಸ್‌ನಲ್ಲಿ ಪಾಯಿಂಟರ್ 8 ಬೈಟ್, ಇಂಟ್ ಮಾತ್ರ ಇನ್ನೂ 4. ವಿಳಾಸದ ಕೆಳಗಿನ 4 ಬೈಟ್ ಉಳಿಯುತ್ತದೆ, ಮೇಲಿನದು ಕತ್ತರಿಸಿ ಹೋಗುತ್ತದೆ. ಅದೃಷ್ಟ ಇದ್ದು ವಿಳಾಸ ಚಿಕ್ಕದಾಗಿದ್ದರೆ ಪ್ರೋಗ್ರಾಮ್ ಓಡುತ್ತದೆ. ಇಲ್ಲದಿದ್ದರೆ ಸೆಗ್‌ಮೆಂಟೇಶನ್ ಫಾಲ್ಟ್. ಅದೂ ಕರೆದ ಸಾಲಿನಲ್ಲಲ್ಲ, ಹತ್ತು ಸಾಲು ಆಚೆ ಎಲ್ಲೋ. ಹುಡುಕಿ ಹುಡುಕಿ ಸುಸ್ತಾಗಬೇಕು.

ಈ ಜಾತಿಯ ಎರರ್ ಬಂದರೆ ಬಾಯಿ ಮುಚ್ಚಿಸಲು ಹೋಗಬೇಡಿ, ಸರಿಮಾಡಿ. ಕೆಲಸವೂ ದೊಡ್ಡದಲ್ಲ. ಲೈಬ್ರರಿ ಫಂಕ್ಷನ್ ಆದರೆ ಅದರ ಹೆಡರ್ ಸೇರಿಸಿ: ಮ್ಯಾಲಾಕ್‌ಗೆ ಎಸ್‌ಟಿಡಿಲಿಬ್, ಸ್ಟ್ರಿಂಗ್ ಫಂಕ್ಷನ್‌ಗಳಿಗೆ ಸ್ಟ್ರಿಂಗ್, ಫೋರ್ಕ್ ಮತ್ತು ಸ್ಲೀಪ್‌ಗೆ ಯುನಿಎಸ್‌ಟಿಡಿ. ನಿಮ್ಮದೇ ಫಂಕ್ಷನ್ ಆದರೆ ಮೇಲೆ ಒಂದು ಸಾಲು ಪ್ರೋಟೋಟೈಪ್ ಬರೆಯಿರಿ. ಯಾವ ಹೆಡರ್ ಅಂತ ಗೊತ್ತಿಲ್ಲದಿದ್ದರೆ ಲಿನಕ್ಸ್‌ನ ಕೈಪಿಡಿಯಾದ ಮ್ಯಾನ್ ಪೇಜ್ ತೆರೆಯಿರಿ, ಶುರುವಿನಲ್ಲೇ ಬರೆದಿರುತ್ತದೆ. ಎಷ್ಟೋ ಸಲ ಜಿಸಿಸಿ ತಾನೇ ಎರರ್ ಕೆಳಗೆ ಹೆಡರ್ ಹೆಸರು ಹೇಳಿರುತ್ತದೆ. ಎಫ್‌ಪರ್ಮಿಸಿವ್ ಎಂಬ ಆಯ್ಕೆ ಕೊಟ್ಟರೆ ಇವೆಲ್ಲ ಮತ್ತೆ ವಾರ್ನಿಂಗ್ ಆಗುತ್ತವೆ, ನಿಜ. ನಾಳೆ ಬೆಳಿಗ್ಗೆ ಸಬ್‌ಮಿಶನ್ ಇದ್ದರೆ ಬಳಸಿ. ಆದರೆ ಪಾಯಿಂಟರ್ ಕತ್ತರಿಸುವ ತಪ್ಪು ಹಾಗೇ ಉಳಿದಿರುತ್ತದೆ ಎಂಬುದು ನೆನಪಿರಲಿ.

ಸ್ನೇಹಿತರ ಮ್ಯಾಕ್‌ನಲ್ಲಿ ಇದೇ ಎರರ್ ಮೊದಲೇ ನೋಡಿರಬಹುದು. ಅಲ್ಲಿ ಜಿಸಿಸಿ ಅಂತ ಟೈಪ್ ಮಾಡಿದರೂ ಓಡುವುದು ಕ್ಲ್ಯಾಂಗ್ ಎಂಬ ಬೇರೆ ಕಂಪೈಲರ್. ಆಪಲ್ ತನ್ನ ಪ್ರೋಗ್ರಾಮಿಂಗ್ ಸಾಧನವಾದ ಎಕ್ಸ್‌ಕೋಡ್‌ನ 2020ರ 12ನೇ ವರ್ಷನ್‌ನಲ್ಲೇ ಇದನ್ನು ಎರರ್ ಮಾಡಿತ್ತು.

ಇನ್ನು 15ರ ವಿಷಯ ಬೇರೆ ಥರ. ಯಾವ ಸ್ಟ್ಯಾಂಡರ್ಡ್ ಅಂತ ನೀವು ಹೇಳದಿದ್ದರೆ ಜಿಸಿಸಿ 14ರವರೆಗೆ ಸಿ17 ಅಂತ ತಿಳಿಯುತ್ತಿತ್ತು, 15ರಿಂದ ಸಿ23 ಅಂತ ತಿಳಿಯುತ್ತದೆ. ಸಿ23ರಲ್ಲಿ ಬೂಲ್, ಟ್ರೂ, ಫಾಲ್ಸ್ ಈ ಮೂರೂ ಭಾಷೆಯ ಸ್ವಂತ ಕೀವರ್ಡ್‌ಗಳು. ಹಳೇ ಸಿ ಪ್ರೋಗ್ರಾಮ್‌ಗಳಲ್ಲಿ ಬೂಲ್ ಅನ್ನು ನಾವೇ ಟೈಪ್‌ಡೆಫ್ ಮಾಡಿಕೊಳ್ಳುತ್ತಿದ್ದೆವು, ಫಾಲ್ಸ್ ಮತ್ತು ಟ್ರೂ ಅನ್ನು ಈನಮ್‌ನಲ್ಲಿ ಹಾಕುತ್ತಿದ್ದೆವು. ಆ ಸಾಲು ಈಗ ಎರರ್. ಕೀವರ್ಡನ್ನು ಈನಮ್‌ನಲ್ಲಿ ಬಳಸುವ ಹಾಗಿಲ್ಲ ಅನ್ನುತ್ತದೆ. ಜೊತೆಗೆ ಇದು ಸಿ23ರಿಂದ ಕೀವರ್ಡ್ ಎಂಬ ಟಿಪ್ಪಣಿಯನ್ನೂ ಕೊಡುತ್ತದೆ. ಇಷ್ಟು ಸ್ಪಷ್ಟವಾಗಿ ಹೇಳುವ ಕಂಪೈಲರ್ ಸಿಗುವುದು ನಮ್ಮ ಪುಣ್ಯ.

ಇನ್ನೊಂದು ಬದಲಾವಣೆ ಖಾಲಿ ಬ್ರಾಕೆಟ್‌ನದು. ಮೇಲೆ ಆಡ್ ಎಂಬ ಫಂಕ್ಷನ್ನನ್ನು ಖಾಲಿ ಬ್ರಾಕೆಟ್ ಹಾಕಿ ಡಿಕ್ಲೇರ್ ಮಾಡಿ, ಕೆಳಗೆ 2 ಮತ್ತು 3 ಕೊಟ್ಟು ಕರೆದರೆ ಮೊದಲು ನಡೆಯುತ್ತಿತ್ತು. ಖಾಲಿ ಅಂದರೆ ಆರ್ಗ್ಯುಮೆಂಟ್ ಎಷ್ಟು ಅಂತ ಹೇಳಿಲ್ಲ ಎಂದಷ್ಟೇ ಅರ್ಥ ಇತ್ತು. ಸಿ23ರಲ್ಲಿ ಖಾಲಿ ಅಂದರೆ ಸೊನ್ನೆ. ಹಾಗಾಗಿ ಆರ್ಗ್ಯುಮೆಂಟ್ ಜಾಸ್ತಿ ಆಯಿತು ಅಂತ ಎರರ್ ಬರುತ್ತದೆ.

ಇಲ್ಲಿ ನನ್ನ ಸಲಹೆಯೂ ಬೇರೆ. ಬೂಲ್ ಅನ್ನು ಟೈಪ್‌ಡೆಫ್ ಮಾಡಿದ್ದು ಅವತ್ತಿನ ನಿಯಮಕ್ಕೆ ಸರಿಯಾಗೇ ಇತ್ತು, ಕೋಡ್ ಬರೆದವರ ತಪ್ಪೇನೂ ಇಲ್ಲ. ಹಾಗಾಗಿ ಕಂಪೈಲರ್‌ಗೆ ಇದು ಯಾವ ಕಾಲದ ಕೋಡ್ ಅಂತ ಹೇಳಿದರೆ ಸಾಕು. ಕಮಾಂಡ್‌ನಲ್ಲಿ -ಎಸ್‌ಟಿಡಿ=ಜಿಎನ್‌ಯು17 (ಸಿ17ರ ಜಿಸಿಸಿ ರೂಪ) ಅಂತ ಸೇರಿಸಿ. ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲಿ, ಎಲ್ಲಾ ಸಣ್ಣ ಅಕ್ಷರಗಳಲ್ಲಿ. ಮೇಕ್‌ಫೈಲ್ ಇದ್ದರೆ ಸಿಫ್ಲ್ಯಾಗ್ಸ್ ಸಾಲಿನಲ್ಲಿ ಒಮ್ಮೆ ಹಾಕಿಬಿಡಿ. ಜಿಸಿಸಿ 15 ಹಾಗೇ ಇರುತ್ತದೆ, ಪ್ರೋಗ್ರಾಮ್ ಕಂಪೈಲ್ ಆಗುತ್ತದೆ. ಇದಕ್ಕಾಗಿ ಹಳೇ ಕಂಪೈಲರ್ ಹುಡುಕಿಕೊಂಡು ಹೋಗುವ ಅಗತ್ಯವೇ ಇಲ್ಲ.

ಯಾವ ಸ್ಟ್ಯಾಂಡರ್ಡ್ ನಡೆಯುತ್ತಿದೆ ಅಂತ ಅನುಮಾನ ಇದ್ದರೆ ಎಸ್‌ಟಿಡಿಸಿ ವರ್ಷನ್ ಎಂಬ ಮ್ಯಾಕ್ರೋವನ್ನು ಪ್ರಿಂಟ್ ಮಾಡಿ. ಹೆಸರಿನ ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್, ನಡುವೆ ಒಂದು. 201710 ಬಂದರೆ ಸಿ17, 202311 ಬಂದರೆ ಸಿ23.

ಟರ್ಬೊ ಸಿ ಕಾಲದ ಪ್ರೋಗ್ರಾಮ್ ಇಟ್ಟುಕೊಂಡವರಿಗೂ ಒಂದು ಮಾತು. ಕೋನಿಯೋ ಹೆಡರ್ ಸಿಗುತ್ತಿಲ್ಲ, ಕ್ಲಿಯರ್‌ಸ್ಕ್ರೀನ್ ಗೊತ್ತಿಲ್ಲ ಅನ್ನುತ್ತದೆ ಅಂತ ಎಸ್‌ಟಿಡಿ ಆಯ್ಕೆಗಳನ್ನು ಒಂದೊಂದಾಗಿ ಕೊಟ್ಟು ನೋಡಬೇಡಿ. ಅದು ಯಾವ ಸ್ಟ್ಯಾಂಡರ್ಡ್‌ನಲ್ಲೂ ಇರಲಿಲ್ಲ. ಟರ್ಬೊ ಸಿ ಮಾಡಿದ ಬೋರ್‌ಲ್ಯಾಂಡ್‌ನವರು ಡಾಸ್‌ಗೆ ಕೊಟ್ಟಿದ್ದ ಸೌಲಭ್ಯ ಅದು. ಆ ಸಾಲುಗಳನ್ನು ಅಳಿಸಿ. ಅದಕ್ಕಿಂತ ಮುಖ್ಯ, ಟರ್ಬೊ ಸಿಯಲ್ಲಿ ಇಂಟ್ 2 ಬೈಟ್. 200 ಗುಣಿಸು 200 ಅಲ್ಲಿ -25536 ಕೊಡುತ್ತದೆ, ಜಿಸಿಸಿಯಲ್ಲಿ 40000. ಕಂಪೈಲ್ ಆಯಿತು ಅಂತ ಸುಮ್ನೆ ಬಿಡದೆ, ಹಳೇ ರೆಕಾರ್ಡ್ ಪುಸ್ತಕದ ಔಟ್‌ಪುಟ್ ಜೊತೆ ಹೋಲಿಸಿ ನೋಡಿ.

ಸೋರ್ಸ್‌ನಿಂದ ಹಳೇ ಸಾಫ್ಟ್‌ವೇರ್ ಬಿಲ್ಡ್ ಮಾಡುವವರು ಇನ್ನೂ ಹುಷಾರಾಗಿರಬೇಕು. ಕಾನ್ಫಿಗರ್ ಸ್ಕ್ರಿಪ್ಟ್ ಪುಟ್ಟ ಪುಟ್ಟ ಪ್ರೋಗ್ರಾಮ್ ಕಂಪೈಲ್ ಮಾಡಿ ಮಷೀನ್‌ನಲ್ಲಿ ಏನೇನಿದೆ ಅಂತ ಪರೀಕ್ಷೆ ಮಾಡುತ್ತದೆ. ಹಳೇ ಸ್ಕ್ರಿಪ್ಟ್‌ಗಳ ಆ ಪುಟ್ಟ ಪ್ರೋಗ್ರಾಮ್‌ಗಳಲ್ಲೇ ಹೆಡರ್ ಬಿಟ್ಟುಹೋಗಿರುತ್ತದೆ. ಹೊಸ ಜಿಸಿಸಿ ಅದಕ್ಕೆ ಎರರ್ ಕೊಡುತ್ತದೆ. ಸ್ಕ್ರಿಪ್ಟ್ ಮಾತ್ರ ಈ ಸೌಲಭ್ಯವೇ ಇಲ್ಲ ಅಂದುಕೊಂಡು ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ತೆರೆಯ ಮೇಲೆ ಒಂದು ಎರರ್ ಕೂಡ ಕಾಣುವುದಿಲ್ಲ. ಬಿಲ್ಡ್ ಆದ ಸಾಫ್ಟ್‌ವೇರ್‌ನಲ್ಲಿ ಇರಬೇಕಾದದ್ದು ಇಲ್ಲ ಅನಿಸಿದರೆ ಕಾನ್ಫಿಗ್ ಲಾಗ್ ಫೈಲ್ ತೆರೆದು ನೋಡಿ. ಆ ಎರರ್‌ಗಳೆಲ್ಲ ಅಲ್ಲಿ ಕೂತಿರುತ್ತವೆ.