ಗೋದಾಮು ಖಾಲಿಯಾಗಿಲ್ಲ, ಬೀಗದ ಕೈ ಬೇರೆ

ದಾವಣಗೆರೆಯ ಎಪಿಎಂಸಿ ಕಡೆಯಿಂದ ನನಗೆ ಬರುವ ಫೋನುಗಳ ಮೊದಲ ವಾಕ್ಯ ಹೆಚ್ಚುಕಡಿಮೆ ಒಂದೇ: "ಸರ್, ಸರ್ವರ್ ಏಳುತ್ತಿಲ್ಲ, ಡಾಟಾ ಎಲ್ಲ ಹೋಯಿತು." ನಾನು ಕೇಳುವುದೂ ಒಂದೇ: "ನನಗೆ ಫೋನ್ ಮಾಡುವ ಮೊದಲು ಏನೇನು ಮಾಡಿದಿರಿ?" ಆ ಕಡೆ ಮೌನ. ಮೌನ ಉದ್ದವಾದಷ್ಟೂ ನನ್ನ ಆ ದಿನದ ಊಟ ತಡವಾಗುತ್ತದೆ.

ಸೆಂಟ್‌ಓಎಸ್ 7 ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಬಂದದ್ದು 2014ರಲ್ಲಿ, ಅದರ ಬೆಂಬಲ ಮುಗಿದದ್ದು 2024ರ ಜೂನ್ 30ರಂದು. ಆದರೂ ನಮ್ಮ ಮಂಡಿಗಳಲ್ಲಿ, ಅಕ್ಕಿ ಗಿರಣಿಗಳಲ್ಲಿ ಅದು ಇನ್ನೂ ದುಡಿಯುತ್ತಿದೆ. ಲೆಕ್ಕದ ತಂತ್ರಾಂಶ ಬರೆದುಕೊಟ್ಟ ಹುಡುಗ ಊರು ಬಿಟ್ಟು ಎಷ್ಟೋ ವರ್ಷವಾಗಿರುತ್ತದೆ. ಹೊಸತಕ್ಕೆ ಹೋಗಲು ಯಾರಿಗೂ ಧೈರ್ಯವಿಲ್ಲ. ಅದಕ್ಕೆ ನಾನು ಬೈಯುವುದಿಲ್ಲ. ಬೈಯುವುದು ಮುಂದಿನ ಕೆಲಸಕ್ಕೆ.

ಹಳೆಯ ಸರ್ವರ್ ಹಣ್ಣಾಗಿದೆ ಎಂದು ಹೊಸದನ್ನು ತರುತ್ತಾರೆ. ಸರ್ವರಿನೊಳಗೆ ತಂತ್ರಾಂಶವಾಗಿಯೇ ಓಡುವ ಕಂಪ್ಯೂಟರಿಗೆ ವರ್ಚುವಲ್ ಯಂತ್ರ ಎನ್ನುತ್ತಾರೆ, ಅದರ ಡಿಸ್ಕ್ ಎಂಬುದೂ ಒಂದು ಕಡತವೇ. ಅದನ್ನು ಓಡಿಸುವ ತಂತ್ರಾಂಶಗಳು ವಿಎಂವೇರ್, ಕೆವಿಎಂ. ವಿಎಂವೇರ್‌ನಲ್ಲಿದ್ದ ಯಂತ್ರವನ್ನು ಕೆವಿಎಂಗೆ ತಂದು ಚಾಲೂ ಮಾಡುತ್ತಾರೆ. ಕಪ್ಪು ಪರದೆಯ ಮೇಲೆ ಡ್ರ್ಯಾಕಟ್ ಟೈಮ್‌ಔಟ್ ಎಂಬ ಒಂದೇ ಸಾಲು ಮತ್ತೆ ಮತ್ತೆ ಬಂದು, ಕೊನೆಗೆ ರೂಟ್ ವಾಲ್ಯೂಮ್ (ಡಿಸ್ಕಿನಲ್ಲಿ ಇಡೀ ವ್ಯವಸ್ಥೆ ಇರುವ ಭಾಗ) ಅಸ್ತಿತ್ವದಲ್ಲಿಲ್ಲ ಎಂಬ ಸಂದೇಶ ನಿಲ್ಲುತ್ತದೆ. ಈ 'ಇಲ್ಲ'ವನ್ನು ಜನ 'ಅಳಿಸಿಹೋಗಿದೆ' ಎಂದು ಓದುತ್ತಾರೆ. ತಪ್ಪೆಲ್ಲ ಇಲ್ಲಿಂದಲೇ ಶುರು.

ಮಂಡಿಯವರಿಗೆ ನಾನು ಹೀಗೆ ಹೇಳುತ್ತೇನೆ. ಹೊಸ ಗೋದಾಮಿಗೆ ಮಾಲು ಸಾಗಿಸಿದ್ದೀರಿ. ಬೆಳಿಗ್ಗೆ ಹಮಾಲಿ ಬಂದಿದ್ದಾನೆ, ಅವನ ಕೈಯಲ್ಲಿರುವುದು ಹಳೆಯ ಗೋದಾಮಿನ ಬೀಗದ ಕೈ. ಬಾಗಿಲು ತೆರೆಯುತ್ತಿಲ್ಲ. ಮಾಲು ಕಳುವಾಗಿದೆಯೇ? ಇಲ್ಲ. ಚೀಲ ಒಳಗೇ ಇದೆ. ಲಿನಕ್ಸ್ ಏಳುವಾಗ ಮೊದಲು ಮೆಮೊರಿಗೆ ಬರುವುದು ಇನಿಟ್‌ರಾಮ್‌ಎಫ್‌ಎಸ್ ಎಂಬ ಪುಟ್ಟ ಗಂಟು. ಡಿಸ್ಕಿನ ಬಾಗಿಲು ತೆರೆಯುವ ಡ್ರೈವರುಗಳು ಅದರಲ್ಲಿರುತ್ತವೆ. ಸೆಂಟ್‌ಓಎಸ್ 7 ಈ ಗಂಟನ್ನು ಕಟ್ಟುವಾಗ ಆಗ ತಾನಿರುವ ಯಂತ್ರಕ್ಕೆ ಬೇಕಾದಷ್ಟನ್ನೇ ಕಟ್ಟಿಕೊಳ್ಳುತ್ತದೆ. ಹುಟ್ಟಿದ್ದು ವಿಎಂವೇರ್‌ನಲ್ಲಿ, ಆದ್ದರಿಂದ ವಿಎಂವೇರ್‌ನ ಕೈ ಮಾತ್ರ ಇದೆ. ಕೆವಿಎಂನ ವರ್ಟ್‌ಐಒ ಡಿಸ್ಕಿನ ಕೈ ಇಲ್ಲ. ಇಷ್ಟೇ ವಿಷಯ. ಮತ್ತೊಮ್ಮೆ ಹೇಳುತ್ತೇನೆ: ಇಷ್ಟೇ ವಿಷಯ, ಹೆಚ್ಚಿನ ಸಲ.

'ಹೆಚ್ಚಿನ ಸಲ' ಎಂದದ್ದು ಬೇಕೆಂದೇ. ಡಿಸ್ಕ್ ನಿಜವಾಗಿ ಕೆಟ್ಟಿರುವುದೂ ಉಂಟು. ಪರೀಕ್ಷೆ ಸುಲಭ. ತುರ್ತು ಶೆಲ್‌ಗೆ, ಅಂದರೆ ಆಜ್ಞೆ ಬರೆಯುವ ಪರದೆಗೆ, ಬಂದು ನಿಂತಾಗ ಪ್ರೊಕ್ ಕೆಳಗಿನ ಪಾರ್ಟಿಷನ್ಸ್ ಕಡತ (/proc/partitions) ತೆರೆದು ನೋಡಿ, ಯಂತ್ರಕ್ಕೆ ಕಾಣುವ ಡಿಸ್ಕುಗಳ ಪಟ್ಟಿ ಅದು. ಸಿಡಿ ಡ್ರೈವ್ ಬಿಟ್ಟು ಬೇರೇನೂ ಕಾಣದಿದ್ದರೆ ಡ್ರೈವರ್ ಮೇಲೆಯೇ ಅನುಮಾನ. ಡಿಸ್ಕ್ ಕಾಣುತ್ತಿದ್ದು ವಾಲ್ಯೂಮ್ ಮಾತ್ರ ಸಿಗದಿದ್ದರೆ ಕಥೆ ಬೇರೆ, ಅಲ್ಲಿಗೆ ಕೈ ತೆಗೆದು ತಿಳಿದವರನ್ನು ಕರೆಯಿರಿ. ಇನ್ನು 'ಬೂಟ್ ಮಾಡಲು ಸಾಧನವೇ ಇಲ್ಲ' ಎಂದು ಮೊದಲ ಹೆಜ್ಜೆಯಲ್ಲೇ ನಿಂತರೆ, ಬಯೋಸ್ (ಯಂತ್ರ ಎಬ್ಬಿಸುವ ಹಳೆಯ ವಿಧಾನ) ಕಾಲದ ಯಂತ್ರಕ್ಕೆ ಹೊಸ ವಿಧಾನವಾದ ಯುಇಎಫ್ಐ ಕೊಟ್ಟಿದ್ದೀರಾ ನೋಡಿಕೊಳ್ಳಿ.

ಡ್ರೈವರ್ ತೊಂದರೆಗೆ ಮದ್ದು ಯಂತ್ರದೊಳಗೇ ಇದೆ. ಯಂತ್ರ ಏಳುವಾಗ ಆಯ್ಕೆಗಾಗಿ ಬರುವ ಗ್ರಬ್ ಪಟ್ಟಿಯ ಕೊನೆಯಲ್ಲಿ ರೆಸ್ಕ್ಯೂ ಎಂಬ ಸಾಲಿರುತ್ತದೆ. ಅದರ ಗಂಟಿನಲ್ಲಿ ಎಲ್ಲ ಬಗೆಯ ಕೈಗಳೂ ಇರುತ್ತವೆ. ಅದರಿಂದ ಎದ್ದು, ಗಂಟು ಕಟ್ಟುವ ತಂತ್ರಾಂಶವಾದ ಡ್ರ್ಯಾಕಟ್‌ಗೆ ಎಲ್ಲ ಕರ್ನಲ್‌ಗಳ (ಕರ್ನಲ್ ಅಂದರೆ ಲಿನಕ್ಸ್‌ನ ತಿರುಳು, ಯಂತ್ರದಲ್ಲಿ ಅದರ ಹಲವು ಆವೃತ್ತಿಗಳಿರಬಹುದು) ಗಂಟನ್ನೂ ಮತ್ತೆ ಕಟ್ಟಲು ಹೇಳಿ. 'ಎಲ್ಲ' ಎಂಬುದು ಮುಖ್ಯ. ಸುಮ್ಮನೆ ಬಲವಂತದ ಆಯ್ಕೆ ಕೊಟ್ಟರೆ ಅದು ಈಗ ಓಡುತ್ತಿರುವ, ಅಂದರೆ ರೆಸ್ಕ್ಯೂವಿನ ಹಳೆಯ ಕರ್ನಲ್‌ನದನ್ನು ಕಟ್ಟಿ ಸುಮ್ಮನಾಗುತ್ತದೆ. ರೆಸ್ಕ್ಯೂನಲ್ಲಿ ನೆಟ್‌ವರ್ಕ್ ಏಳದಿದ್ದರೆ ಗಾಬರಿ ಬೇಡ, ಆ ಕರ್ನಲ್‌ನ ಮಾಡ್ಯೂಲುಗಳು, ಅಂದರೆ ಡ್ರೈವರ್ ಕಡತಗಳು, ಅಪ್‌ಡೇಟ್‌ಗಳ ನಡುವೆ ಅಳಿದಿರಬಹುದು.

ಆದರೆ ಇದೆಲ್ಲಕ್ಕೂ ಮೊದಲು ಡಿಸ್ಕ್ ಕಡತದ ನಕಲು. ನಾನೂ ಒಮ್ಮೆ ಅವಸರದಲ್ಲಿ ಮೂಲದ ಮೇಲೆಯೇ ಎಕ್ಸ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯ ರಿಪೇರಿ ನಡೆಸಿ, ಲಾಗ್ (ಇನ್ನೂ ತಮ್ಮ ಜಾಗ ಸೇರದ ಬದಲಾವಣೆಗಳ ದಾಖಲೆ) ಅಳಿಸುವ ಆಯ್ಕೆ ಕೊಟ್ಟು, ಒಬ್ಬ ಗ್ರಾಹಕರ ಒಂದು ಸಂಜೆಯ ಬಿಲ್ಲುಗಳನ್ನು ಕಳೆದಿದ್ದೇನೆ. ಈಗಲೂ ಅವರು ಎದುರು ಸಿಕ್ಕರೆ ನಾನೇ ಮೊದಲು ನಮಸ್ಕಾರ ಹೇಳುತ್ತೇನೆ.

ಮೆಕ್ಕೆಜೋಳದ ಸುಗ್ಗಿಯಲ್ಲಿ ಒಂದು ಮಂಡಿಗೆ ಹೋದಾಗ ಮೌನ ಬಹಳ ಉದ್ದವಿತ್ತು. ಸಾಹುಕಾರರ ಅಕ್ಕನ ಮಗ ಎಂಜಿನಿಯರಿಂಗ್ ಓದುವವನು. "ರಿಪೇರಿ ಆಗಬಹುದು ಅಂದುಕೊಂಡೆ ಸರ್" ಎಂದು ಅದೇ ಡಿಸ್ಕಿನ ಮೇಲೆ ಹೊಸ ಲಿನಕ್ಸ್ ಸುರಿದಿದ್ದ. ಹುಡುಗನ ಕಿವಿ ಕೆಂಪಾಗಿತ್ತು. ನಾನು ಏನೂ ಹೇಳಲಿಲ್ಲ. "ಹಳೆಯ ಪೆಟ್ಟಿಗೆ ಎಲ್ಲಿ?" ಎಂದೆ. ಗುಜರಿಗೆ ಹಾಕಲು ಲಾರಿ ತೂಗುವ ವೇಬ್ರಿಡ್ಜಿನ ಪಕ್ಕ ಇಟ್ಟಿದ್ದರು, ಮೇಲೆ ಒಂದು ಗೋಣಿಚೀಲ. ಮಳೆ ಹಿಡಿದದ್ದರಿಂದ ಗುಜರಿಯವನು ಬಂದಿರಲಿಲ್ಲ. ಫ್ಯಾನಿನ ತುಂಬ ಜೋಳದ ಹೊಟ್ಟು. ಬ್ರಷ್‌ನಿಂದ ಕೆರೆದು, ಒರೆಸಿ, ವಿದ್ಯುತ್ ಕೊಟ್ಟಾಗ ಅದು ಕೆಮ್ಮಿಕೊಂಡೇ ಎದ್ದಿತು. ಯಂತ್ರದ ಮೂಲ ಡಿಸ್ಕ್ ಕಡತ ಅದರೊಳಗೆ ಹಾಗೇ ಇತ್ತು. ನೂರ ಎಂಬತ್ತು ಜಿಬಿ ಕಡತ, ನೂರು ಮೆಗಾಬಿಟ್‌ನ ಹಳೆಯ ನೆಟ್‌ವರ್ಕ್ ಸ್ವಿಚ್. ನಕಲಾಗಲು ನಾಲ್ಕು ಗಂಟೆಗೂ ಹೆಚ್ಚು. ಅಷ್ಟು ಹೊತ್ತು ಮಂಡಕ್ಕಿ, ಮಿರ್ಚಿ, ಎರಡು ಸುತ್ತು ಚಹಾ. ರೆಸ್ಕ್ಯೂನಿಂದ ಎಬ್ಬಿಸಿ ಗಂಟು ಕಟ್ಟಿಸಲು ಹಿಡಿದದ್ದು ಹತ್ತು ನಿಮಿಷ. ಕೀಲಿಮಣೆಯ ಮುಂದೆ ಆ ಹುಡುಗನನ್ನೇ ಕೂರಿಸಿದ್ದೆ.

ಮೂರು ದಿನ ಬಿಟ್ಟು ಸಾಹುಕಾರರ ಫೋನ್. "ಸರ್, ಎಲ್ಲ ಚೆನ್ನಾಗಿ ಓಡುತ್ತಿದೆ. ಆ ಹಳೆಯ ಪೆಟ್ಟಿಗೆಯನ್ನು ಇನ್ನು ಕೊಟ್ಟುಬಿಡಲೇ?"

"ಮಾರ್ಚ್ ಲೆಕ್ಕ ಮುಗಿಯಲಿ ಸಾಹುಕಾರರೇ."

"ಗುಜರಿಯವನು ಇನ್ನೂರು ರೂಪಾಯಿ ಮುಂಗಡ ಕೊಟ್ಟು ಹೋಗಿದ್ದಾನಲ್ಲ?"

ಆ ಇನ್ನೂರನ್ನು ನನ್ನ ಬಿಲ್ಲಿನಲ್ಲಿ ಹಿಡಿದುಕೊಳ್ಳಿ ಎಂದೆ. ಹಿಡಿದುಕೊಂಡರು.