ಬೀಪ್ ಬರಲಿಲ್ಲ ಅಂದರೆ ಕರೆಂಟ್ ಇಲ್ಲ ಅಂತಲ್ಲ

ಉದ್ದನೆಯ ಕೋಲಿನ ತುದಿಯಲ್ಲಿ ಹೈ ವೋಲ್ಟೇಜ್ ಡಿಟೆಕ್ಟರ್. ಅದನ್ನು ಲೈನಿನ ಹತ್ತಿರ ಹಿಡಿಯುತ್ತಾರೆ. ದೀಪ ಹತ್ತಲಿಲ್ಲ, ಬೀಪ್ ಬರಲಿಲ್ಲ. "ಸಪ್ಲೈ ಇಲ್ಲ, ಕಂಬ ಹತ್ತು" ಅಂತ ಕೆಳಗಿನಿಂದ ಯಾರೋ ಕೂಗುತ್ತಾರೆ. ನನಗೆ ಭಯವಾಗುವುದು ಇಲ್ಲೇ. ಲೈನಿನಲ್ಲಿ ಕರೆಂಟ್ ಇಲ್ಲದಿದ್ದರೂ ಡಿಟೆಕ್ಟರ್ ಸುಮ್ಮನಿರುತ್ತದೆ, ಡಿಟೆಕ್ಟರೇ ಕೆಟ್ಟಿದ್ದರೂ ಸುಮ್ಮನಿರುತ್ತದೆ. ನೋಡುವವರಿಗೆ ಎರಡೂ ಒಂದೇ ಥರ.

ಈ ಸಾಧನ ಏನನ್ನು ಕೇಳಿಸಿಕೊಳ್ಳುತ್ತದೆ ಅಂತ ತಿಳಿದರೆ ಯಾವಾಗ ಅದಕ್ಕೆ ಕಿವಿ ಕೇಳಿಸುವುದಿಲ್ಲ ಅನ್ನುವುದೂ ತಿಳಿಯುತ್ತದೆ. ಲೈನಿಗೂ ಡಿಟೆಕ್ಟರಿಗೂ ನಡುವೆ ಗಾಳಿ ಇದೆ. ಆದರೂ ಸುದ್ದಿ ಮುಟ್ಟುತ್ತದೆ. ಡೋಲನ್ನು ನೆನೆಸಿಕೊಳ್ಳಿ. ಒಂದು ಕಡೆ ಬಾರಿಸಿದರೆ ಆಚೆ ಕಡೆಯ ಚರ್ಮವೂ ಅದುರುತ್ತದೆ. ಬಾರಿಸಿದ ಕೋಲು ಆಚೆ ಹೋಗಲೇ ಇಲ್ಲ ಅಲ್ವಾ? ಎಸಿ ಲೈನಿನ ವೋಲ್ಟೇಜ್ ಸೆಕೆಂಡಿಗೆ 50 ಅಥವಾ 60 ಸಲ ಏರಿಳಿಯುತ್ತದೆ. ಒಮ್ಮೆ ಡಿಟೆಕ್ಟರ್ ತುದಿಯ ಎಲೆಕ್ಟ್ರಾನುಗಳನ್ನು ಎಳೆಯುತ್ತದೆ, ಮರುಗಳಿಗೆಯಲ್ಲಿ ತಳ್ಳುತ್ತದೆ. ಎರಡು ಲೋಹ, ನಡುವೆ ಗಾಳಿ: ಇದೇ ಕೆಪಾಸಿಟರ್.

ಆದರೆ ಒಂದೇ ಡೋಲು ಸಾಲದು. ತುದಿಗೆ ಬಂದ ಅದುರು ಮುಂದಕ್ಕೆ, ಭೂಮಿಯವರೆಗೂ ಹೋಗಬೇಕು. ಅಲ್ಲಿ ಇನ್ನೊಂದು ಕೆಪಾಸಿಟರ್ ಇದೆ. ಒಂದು ಕಡೆ ಡಿಟೆಕ್ಟರ್, ಇನ್ನೊಂದು ಕಡೆ ನೆಲ. ಲೈನಿಗೇ ತಾಗಿಸುವ ಮಾದರಿಯಲ್ಲೂ ಈ ವಾಪಸ್ ದಾರಿ ಗಾಳಿಯ ಮೂಲಕವೇ. ಲೆಕ್ಕ ಹಾಕಿದರೆ ಬೆರಗಾಗುತ್ತದೆ. 11,000 ವೋಲ್ಟ್‌ನ ಮೂರು ಫೇಸ್ ಲೈನಿನಲ್ಲಿ ಒಂದು ತಂತಿಗೂ ಭೂಮಿಗೂ ನಡುವೆ ಸುಮಾರು 6,350 ವೋಲ್ಟ್ ಇರುತ್ತದೆ. ಗಾಳಿಯ ದಾರಿಯ ಕೆಪಾಸಿಟರ್ ಒಟ್ಟು 1 ಪಿಕೋಫ್ಯಾರಡ್, ಅಂದರೆ ತೀರಾ ಪುಟ್ಟದು, ಅಂದುಕೊಳ್ಳಿ. ಸೆಕೆಂಡಿಗೆ 50 ಸಲ ಏರಿಳಿದರೆ ಹರಿಯುವುದು ಬರೀ 2 ಮೈಕ್ರೋಆಂಪ್. ಒಂದು ಆಂಪಿಯರ್‌ನ ಹತ್ತು ಲಕ್ಷ ಭಾಗದಲ್ಲಿ ಎರಡು ಭಾಗ! ಒಳಗಿನ ಪುಟ್ಟ ಸರ್ಕ್ಯೂಟ್ ಇಷ್ಟನ್ನೇ ಹಿಗ್ಗಿಸಿ ಬೀಪ್ ಮಾಡುತ್ತದೆ.

ಡೋಲಿನ ಚರ್ಮವನ್ನು ಕೈಯಿಂದ ಒತ್ತಿ ಹಿಡಿದರೆ ಸದ್ದೇ ಬರುವುದಿಲ್ಲ. ಏರಿಳಿಯದೆ ಒಂದೇ ಸಮ ಇರುವ ಡಿಸಿ ಹಾಗೆ. ಒತ್ತಡ ಇರುತ್ತದೆ, ಅದುರು ಇರುವುದಿಲ್ಲ. ಎಸಿ ಡಿಟೆಕ್ಟರ್ ಸುಮ್ಮನಿರುತ್ತದೆ, ಮುಟ್ಟಿದವರು ಸಾಯುತ್ತಾರೆ. ನೆಲದಡಿಯ ಕೇಬಲ್ಲಿಗೆ ಅರ್ಥ್ ಮಾಡಿದ, ಅಂದರೆ ಭೂಮಿಗೆ ಸೇರಿಸಿದ, ಲೋಹದ ಹೊದಿಕೆ ಇದ್ದರೂ ಹೊರಗೆ ಸದ್ದಿಲ್ಲ. ಫ್ಯಾರಡೇ 1836ರಲ್ಲಿ ಲೋಹ ಹೊದಿಸಿದ ಕೋಣೆ ಕಟ್ಟಿ, ಹೊರಗಡೆ ಕಿಡಿ ಹಾರುತ್ತಿದ್ದರೂ ಒಳಗೆ ವಿದ್ಯುತ್ತಿನ ಸುಳಿವಿಲ್ಲ ಅಂತ ತೋರಿಸಿದ್ದು ಇದನ್ನೇ. ಇಲ್ಲಿ ಒಳಗು ಹೊರಗು ಅದಲುಬದಲು, ಅಷ್ಟೇ. ಮೂರು ಫೇಸುಗಳು ಒತ್ತೊತ್ತಾಗಿರುವ ಜಾಗದಲ್ಲಿ ಒಂದರ ಎಳೆತವನ್ನು ಇನ್ನೊಂದು ಕಡಿಮೆ ಮಾಡುವುದೂ ಉಂಟು.

ವಿದ್ಯುತ್ತನ್ನು ಅಳೆಯಲು ಹೋಗಿ ಸತ್ತವರ ಕಥೆ ಹಳೆಯದು. 1753ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಗಿಯೋರ್ಗ್ ರಿಚ್‌ಮನ್ ಅನ್ನುವ ವಿಜ್ಞಾನಿ ಮನೆ ಮೇಲಿನ ಕಬ್ಬಿಣದ ಸಲಾಕೆಯಿಂದ ಕೋಣೆಯೊಳಗೆ ಸಂಪರ್ಕ ಎಳೆದಿದ್ದ. ಅದಕ್ಕೊಂದು ದಾರ ತೂಗುಬಿಟ್ಟಿದ್ದ. ದಾರ ಎಷ್ಟು ಮೇಲೇಳುತ್ತದೋ ವಿದ್ಯುತ್ ಅಷ್ಟು ಜಾಸ್ತಿ. ಸಲಾಕೆಯನ್ನು ಭೂಮಿಗೆ ಸೇರಿಸಿರಲಿಲ್ಲ. ಗುಡುಗಿನ ದಿನ ದಾರ ನೋಡಲು ಹತ್ತಿರ ಹೋದ. ಕಿಡಿ ಹಣೆಗೇ ಹೊಡೆಯಿತು. ಅಂದಿನಿಂದ ನಾವು ಕಲಿತಿದ್ದು ದೂರ ನಿಂತು ನೋಡುವುದನ್ನು. ಇವತ್ತಿನ ಇನ್ಸುಲೇಟೆಡ್ ಕೋಲು ಕೊಡುವುದು ಅದೇ ದೂರ.

ಆ ಕೋಲನ್ನೂ ಹತ್ತಿರದಿಂದ ನೋಡಬೇಕು. ತೆಳುವಾದ ಧೂಳು, ಅದರ ಮೇಲೆ ಬೆಳಗಿನ ಇಬ್ಬನಿ: ಇಷ್ಟಿದ್ದರೆ ಕರೆಂಟಿಗೆ ಮೇಲ್ಮೈಯಲ್ಲೇ ದಾರಿಯಾಗುತ್ತದೆ. ಒಣ ಬಟ್ಟೆಯಲ್ಲಿ ಒರೆಸಬೇಕು, ಬಿರುಕಿದೆಯಾ ಅಂತ ನೋಡಬೇಕು. ಕೈ ಎಲ್ಲಿಯವರೆಗೆ ಅಂತ ಗುರುತು ಇರುತ್ತದೆ, ಅದನ್ನು ದಾಟಬಾರದು. ಗ್ಲೌಸ್ ಇರಲೇಬೇಕು. ಡಿಟೆಕ್ಟರ್ ಮೇಲೆ ಬರೆದಿರುವ ವೋಲ್ಟೇಜಿಗೂ ಲೈನಿಗೂ ತಾಳೆಯಾಗಬೇಕು. ಇದು ತರಬೇತಿ ಪಡೆದವರ ಕೆಲಸ. ಒಣ ಕಟ್ಟಿಗೆ, ರಬ್ಬರ್ ಚಪ್ಪಲಿ ಇದ್ದರೆ ಸಾಕು ಅನ್ನುವ ನಂಬಿಕೆ ಸಾವಿರಾರು ವೋಲ್ಟ್ ಎದುರು ನಿಲ್ಲುವುದಿಲ್ಲ.

ಇನ್ನು ಟೆಸ್ಟ್ ಬಟನ್. ಒತ್ತಿದರೆ ಬೀಪ್ ಬರುತ್ತದೆ, ಎಲ್ಲರಿಗೂ ಸಮಾಧಾನ. ಎಷ್ಟೋ ಮಾದರಿಗಳಲ್ಲಿ ಆ ಬಟನ್ ಬ್ಯಾಟರಿ, ದೀಪ, ಬಜರ್ ಸರಿ ಇವೆಯಾ ಅಂತ ಮಾತ್ರ ನೋಡುತ್ತದೆ. ಕೇಳಿಸಿಕೊಳ್ಳುವ ತುದಿ ಸರಿ ಇದೆ ಅಂತ ಅದರಿಂದ ಗೊತ್ತಾಗುವುದಿಲ್ಲ. ಅದಕ್ಕೇ ಮೊದಲು ಕರೆಂಟ್ ಇರುವುದು ಖಚಿತವಾಗಿರುವ ಕಡೆ ಹಿಡಿದು ನೋಡಬೇಕು. ಅಂಥ ಜಾಗ ಸಿಗದಿದ್ದರೆ ಪರೀಕ್ಷೆಗೆ ಬೇಕಾದ ವೋಲ್ಟೇಜ್ ಕೊಡುವ, ಪ್ರೂವಿಂಗ್ ಯುನಿಟ್ ಅನ್ನುವ ಪುಟ್ಟ ಪೆಟ್ಟಿಗೆ ಇದೆ. ಆಮೇಲೆ ಕೆಲಸದ ಲೈನಿನ ಮೂರೂ ತಂತಿಗಳು. ಆಮೇಲೆ ಮತ್ತೆ ಮೊದಲಿನ ಜಾಗ. ಜನ ಬಿಟ್ಟುಬಿಡುವುದು ಈ ಕೊನೆಯದನ್ನೇ. ಮೂರನೇ ತಂತಿ ನೋಡುವಷ್ಟರಲ್ಲಿ ಬ್ಯಾಟರಿ ಸಂಪರ್ಕ ಸಡಿಲವಾಗಿದ್ದರೆ? ಕೊನೆಗೂ ಬೀಪ್ ಬಂದರೆ ಮಾತ್ರ ನಡುವಿನ ಮೌನವನ್ನು ನಂಬಬಹುದು.

ಅಷ್ಟಾದ ಮೇಲೂ ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ. ಯಾರದೋ ಮನೆಯ ಜನರೇಟರ್ ಟ್ರಾನ್ಸ್‌ಫಾರ್ಮರಿನ ಮೂಲಕ ಉಲ್ಟಾ ಬಂದು ಲೈನಿಗೆ ಸಾವಿರಾರು ವೋಲ್ಟ್ ಹತ್ತಿಸಬಹುದು. ಪಕ್ಕದ ಲೈನಿನಿಂದಲೂ ವೋಲ್ಟೇಜ್ ಬರಬಹುದು. ಅದಕ್ಕೇ ತಡಮಾಡದೆ ಅರ್ಥಿಂಗ್ ಮಾಡುತ್ತಾರೆ. ಮೊದಲು ಭೂಮಿಯ ಕಡೆಯ ಕ್ಲ್ಯಾಂಪ್, ಆಮೇಲೆ ಕೋಲಿನಿಂದ ತಂತಿಯ ಕಡೆಯದು. ಬಿಚ್ಚುವಾಗ ಮೊದಲು ತಂತಿಯದು, ಭೂಮಿಯದು ಕೊನೆಗೆ.