ಸೊನ್ನೆ ಕಂಡರೆ ಸಾಕೇ?

ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ಗ್ಯಾಸ್ ಸೆನ್ಸರಿನ ಪರದೆ ಸೊನ್ನೆ ತೋರಿಸುತ್ತಿದೆ. ಹಾಗಾದರೆ ಎಲ್ಲೂ ಗ್ಯಾಸ್ ಸೋರುತ್ತಿಲ್ಲ, ಅಲ್ವಾ? ಇರಬಹುದು. ಆದರೆ ಆ ಸೊನ್ನೆ ಹೇಳುವುದು ಇಷ್ಟೇ: ಸೆನ್ಸರಿನ ಬಾಯಿಗೆ ಬಂದು ತಾಗಿದ ಗಾಳಿಯಲ್ಲಿ ಗ್ಯಾಸ್ ಸಿಕ್ಕಿಲ್ಲ. ಎರಡು ಮೀಟರ್ ಆಚೆ ಏನಾಗುತ್ತಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಹಾಗಾಗಿ ಎಂಥ ಸೆನ್ಸರ್ ಕೊಂಡಿರಿ ಎಂಬುದಕ್ಕಿಂತ ಎಲ್ಲಿ, ಹೇಗೆ ಕೂರಿಸಿದಿರಿ ಎಂಬುದನ್ನೇ ನಾನು ಮೊದಲು ಕೇಳುತ್ತೇನೆ.

ಮೊದಲು ಗ್ಯಾಸಿನ ತೂಕ ನೋಡೋಣ. ಗಾಳಿಯ ತೂಕವನ್ನು 1 ಅಂತ ಇಟ್ಟುಕೊಂಡರೆ ಹೈಡ್ರೋಜನ್ 0.07, ಮೀಥೇನ್ 0.55, ಪ್ರೊಪೇನ್ ಸುಮಾರು 1.5, ಕ್ಲೋರಿನ್ ಸುಮಾರು 2.5. ಬ್ಯಾಟರಿ ಚಾರ್ಜ್ ಆಗುವ ಕೋಣೆಯಲ್ಲಿ ಹೊರಬರುವ ಹೈಡ್ರೋಜನ್ ನೇರ ಮೇಲೇರಿ ಛಾವಣಿಯ ಕೆಳಗೆ ನಿಲ್ಲುತ್ತದೆ. ಅಲ್ಲಿ ತೊಲೆಗಳಿದ್ದರೆ ಅವುಗಳ ನಡುವಿನ ಜಾಗದಲ್ಲೇ ಸಿಕ್ಕಿಕೊಳ್ಳುತ್ತದೆ. ಪ್ರೊಪೇನ್ ನೆಲ ಹಿಡಿದು ಹರಿಯುತ್ತದೆ, ಗುಂಡಿ, ಚರಂಡಿ ಸಿಕ್ಕರೆ ಅಲ್ಲಿ ತುಂಬಿಕೊಳ್ಳುತ್ತದೆ. ಅದಕ್ಕೆ ಸೆನ್ಸರನ್ನು ಕೆಳಗೇ ಇಡಬೇಕು. ಆದರೆ ನೆಲ ತೊಳೆಯುವಾಗ ನೀರು ಸಿಡಿಯದಷ್ಟು ಎತ್ತರ ಬಿಡಿ. ಕಾರ್ಬನ್ ಮಾನಾಕ್ಸೈಡ್ ಹೆಚ್ಚುಕಡಿಮೆ ಗಾಳಿಯಷ್ಟೇ ತೂಕ. ಅದನ್ನು ಜನ ಉಸಿರಾಡುವ ಎತ್ತರದಲ್ಲಿ ಹುಡುಕುವುದು ಸರಿ.

ಹಾಗಂತ ತೂಕದ ಪಟ್ಟಿ ನೋಡಿ ಸುಮ್ನೆ ಗೋಡೆಗೆ ಹೊಡೆದುಬಿಟ್ಟರೆ ಆಗದು. ಮೀಥೇನನ್ನು ದ್ರವವಾಗಿ ಇಡುವುದು ಮೈನಸ್ 162 ಡಿಗ್ರಿಯಲ್ಲಿ. ಅದು ಸೋರಿದಾಗ ಏಳುವ ಆವಿ ಎಷ್ಟು ತಣ್ಣಗಿರುತ್ತದೆ ಎಂದರೆ, ಬೆಚ್ಚಗಾಗುವ ತನಕ ಗಾಳಿಗಿಂತ ಭಾರವಾಗಿ ನೆಲದ ಮೇಲೇ ಹರಡುತ್ತದೆ. ಅಮೋನಿಯಾ ಕೂಡ ಹಾಗೇ, ಹಗುರ ಅಂತ ನಂಬಿ ಕೂತರೆ ಮೋಸ ಹೋಗುತ್ತೇವೆ. ಇನ್ನು ಫ್ಯಾನ್, ಬಾಗಿಲು, ಬಿಸಿ ಯಂತ್ರಗಳು ಗಾಳಿಯನ್ನು ಎಲ್ಲೆಲ್ಲೋ ಒಯ್ಯುತ್ತವೆ. ಜಾಗ ಗುರುತಿಸುವ ಮೊದಲು ಸ್ವಲ್ಪ ಹೊಗೆ ಬಿಟ್ಟು ಅದು ಯಾವ ಕಡೆ ಹೋಗುತ್ತದೆ ಎಂದು ಕಣ್ಣಾರೆ ನೋಡಿ. ಸೋರುವ ಸಾಧ್ಯತೆ ಜಾಸ್ತಿ ಇರುವುದು ಪಂಪಿನ ಸೀಲ್, ವಾಲ್ವ್, ಪೈಪಿನ ಜೋಡಣೆಗಳಲ್ಲಿ. ಅಲ್ಲಿಂದ ಹೊರಟ ಹೊಗೆ ಸೆನ್ಸರಿನ ಹತ್ತಿರವೇ ಸುಳಿಯದಿದ್ದರೆ ಆ ಜಾಗ ತಪ್ಪು.

ಸೊನ್ನೆ ಇನ್ನೊಂದು ರೀತಿಯಲ್ಲೂ ಮೋಸ ಮಾಡುತ್ತದೆ. ಮೀಥೇನ್ ಹೊತ್ತಿಕೊಳ್ಳಲು ಗಾಳಿಯಲ್ಲಿ ಕನಿಷ್ಠ ಶೇ 5ರಷ್ಟು ಇರಬೇಕು. ಬೆಂಕಿಯ ಅಪಾಯ ಅಳೆಯುವ ಮೀಟರ್ ಈ ಕೆಳಮಿತಿಯನ್ನೇ 100 ಅಂತ ತೋರಿಸುತ್ತದೆ. ಹೈಡ್ರೋಜನ್ ಸಲ್ಫೈಡಿನ ಕೆಳಮಿತಿ ಸುಮಾರು ಶೇ 4, ಅಂದರೆ 40,000 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 40,000 ಭಾಗ). ಆದರೆ ಕೇವಲ 100 ಪಿಪಿಎಂ ಇದ್ದರೇ ಜೀವಕ್ಕೆ ಅಪಾಯ. ಆ ಮೀಟರಿನಲ್ಲಿ ಅದು ಬರೀ ಕಾಲು ಅಂಕ. ಕೊಳೆತ ಮೊಟ್ಟೆಯ ವಾಸನೆ ಬರುತ್ತದಲ್ಲ ಎನ್ನಬೇಡಿ, ಆ ಮಟ್ಟದಲ್ಲಿ ಮೂಗು ಬೇಗ ಮರಗಟ್ಟುತ್ತದೆ. ವಿಷದ ಗ್ಯಾಸಿಗೆ ಅದರದೇ ಸೆನ್ಸರ್ ಬೇಕು.

ಬೆಂಕಿ ಹಿಡಿಯುವ ಗ್ಯಾಸಿಗೆ ಹೆಚ್ಚು ಬಳಕೆಯಲ್ಲಿರುವ ಒಂದು ಬಗೆಯ ಸೆನ್ಸರಿನೊಳಗೆ ಪುಟ್ಟ ಬಿಸಿ ಮಣಿ ಇರುತ್ತದೆ. ಗ್ಯಾಸ್ ಅದರ ಮೇಲೆ ಉರಿದಾಗ ಮಣಿ ಇನ್ನಷ್ಟು ಕಾಯುತ್ತದೆ, ಒಳಗಿನ ಪ್ಲಾಟಿನಂ ತಂತಿಯ ವಿದ್ಯುತ್ ರೋಧ ಏರುತ್ತದೆ, ಅದೇ ಗ್ಯಾಸಿನ ಸುಳಿವು. ಸಿಲಿಕೋನ್ ಆವಿ ತಾಗಿದರೆ ಈ ಮಣಿ ಕೆಡುತ್ತದೆ, ಸದ್ದಿಲ್ಲದೆ. ಸಂದು ಮುಚ್ಚಲು ಕೆಲಸಗಾರ ಹಚ್ಚುವ ಸಿಲಿಕೋನ್ ಸೀಲೆಂಟೇ ಹೊಸ ಸೆನ್ಸರನ್ನು ಹಾಳುಮಾಡಬಲ್ಲದು. ಇನ್‌ಫ್ರಾರೆಡ್ ಸೆನ್ಸರಿಗೆ ಈ ತೊಂದರೆ ಇಲ್ಲ, ಆದರೆ ಅದಕ್ಕೆ ಹೈಡ್ರೋಜನ್ ಕಾಣುವುದಿಲ್ಲ.

ಕೂರಿಸುವ ಕೆಲಸವೂ ಅಪಾಯದ್ದೇ. ಗ್ಯಾಸ್ ಇರಬಹುದಾದ ಜಾಗದಲ್ಲೇ ಡ್ರಿಲ್ ತಿರುಗುತ್ತದೆ, ಕಿಡಿ ಹಾರುತ್ತದೆ. ವರ್ಕ್ ಪರ್ಮಿಟ್, ಅಂದರೆ ಕೆಲಸಕ್ಕೆ ಬರಹದ ಅನುಮತಿ, ಕೈಗೆ ಬರಬೇಕು, ಕರೆಂಟ್ ತೆಗೆದು ಮತ್ತೆ ಯಾರೂ ಹಾಕದಂತೆ ಸ್ವಿಚ್ಚಿಗೆ ಬೀಗ ಹಾಕಬೇಕು. ಕೈಯಲ್ಲಿ ಹಿಡಿಯುವ ಮೀಟರಿನಿಂದ ಕೆಲಸಕ್ಕೆ ಮೊದಲು ಮಾತ್ರವಲ್ಲ, ಕೆಲಸ ನಡೆಯುವಾಗಲೂ ಗಾಳಿ ಪರೀಕ್ಷಿಸುತ್ತಿರಬೇಕು. ಸೆನ್ಸರಿನ ವಿದ್ಯುತ್ ಭಾಗಗಳನ್ನು ಇಡುವ ಫ್ಲೇಮ್‌ಪ್ರೂಫ್ ಪೆಟ್ಟಿಗೆಯ ಒಳಗೆ ಸ್ಫೋಟವಾದರೂ ಬೆಂಕಿ ಅದರ ಕಿರಿದಾದ ಸಂದಿನಲ್ಲಿ ತಣಿದು ಹೊರಗೆ ಹಬ್ಬುವುದಿಲ್ಲ. ಒಂದು ಬೋಲ್ಟ್ ಹಾಕದೆ ಬಿಟ್ಟರೆ, ಬಳಸದ ಕೇಬಲ್ ತೂತಿಗೆ ಸರಿಯಾದ ಪ್ಲಗ್ ಹಾಕದಿದ್ದರೆ ಆ ರಕ್ಷಣೆ ಹೋಯಿತು.

ವೈರಿನ ವಿಷಯದಲ್ಲಿ ಎಂಜಿನಿಯರ್‌ಗಳು ಮಾಡಿಕೊಂಡ ಒಂದು ಉಪಾಯ ನನಗೆ ತುಂಬಾ ಇಷ್ಟ. ಸೆನ್ಸರ್ ಕಳಿಸುವ ಸಂಕೇತ 4ರಿಂದ 20 ಮಿಲಿಆಂಪ್ ಕರೆಂಟ್. ಗ್ಯಾಸ್ ಇಲ್ಲದಿದ್ದರೂ 4 ಬರುತ್ತಲೇ ಇರುತ್ತದೆ. ವೈರ್ ಕಡಿದರೆ ಅದು ಪೂರ್ತಿ ನಿಲ್ಲುತ್ತದೆ, ಏನೋ ಕೆಟ್ಟಿದೆ ಎಂದು ತಕ್ಷಣ ತಿಳಿಯುತ್ತದೆ.

ಆದರೆ ಮಣಿ ಕೆಟ್ಟಿದ್ದರೂ 4 ಬರುತ್ತಲೇ ಇರಬಹುದು, ಅಲ್ಲಿ ಈ ಉಪಾಯ ಸಾಲದು. ಅದಕ್ಕೆ ಬಂಪ್ ಟೆಸ್ಟ್ ಬೇಕು: ಅಳತೆ ಗೊತ್ತಿರುವ ಗ್ಯಾಸನ್ನು ಸೆನ್ಸರಿನ ಬಾಯಿಗೆ ಊದಿ, ಅಲಾರಂ ಕೂಗುತ್ತದಾ ಎಂದು ಕೇಳುವುದು. ಗೋಡೆಗೆ ಬಣ್ಣ ಹೊಡೆದ ಮೇಲೆ ಮರೆಯದೆ ಇದನ್ನು ಮಾಡಿ. ಬಣ್ಣ ತಾಗದಿರಲಿ ಎಂದು ಸೆನ್ಸರಿಗೆ ಸುತ್ತಿದ ಪ್ಲಾಸ್ಟಿಕ್ ಚೀಲವನ್ನು ಬಿಚ್ಚದೆ ಹೋಗಿದ್ದರೂ ಪರದೆಯಲ್ಲಿ ಕಾಣುವುದು ಅದೇ ಸೊನ್ನೆ.